ಮಾವನ ಸಂಜೆ, ನನ್ನ ಕ್ಯಾಮೆರಾ

ಮಾವ ಬಿದ್ದದ್ದು ಚೌತಿ ಕಳೆದು ನಾಲ್ಕನೇ ದಿನ. ಹಕ್ಕಲಿನ ಉಣುಗೋಲು ದಾಟುವಾಗ ಪಾಚಿಗೆ ಕಾಲು ಜಾರಿತು. ಎಡಸೊಂಟದ ಮೂಳೆ ಮುರಿದು, ಶಿವಮೊಗ್ಗದಲ್ಲಿ ಆಪರೇಷನ್ ಆಗಿ, ವಾಕರ್ ಹಿಡಿದು ಮನೆಗೆ ಬರುವಷ್ಟರಲ್ಲಿ ದೀಪಾವಳಿ ಹತ್ತಿರ ಬಂದಿತ್ತು. ಎಂಬತ್ತೆರಡು ವಯಸ್ಸಿಗೆ ಅಷ್ಟರ ಮಟ್ಟಿಗೆ ಎದ್ದು ನಿಂತದ್ದೇ ದೊಡ್ಡದು ಎಂದು ಡಾಕ್ಟರೂ ಹೇಳಿದರು, ನೆಂಟರೂ ಹೇಳಿದರು. "ಇನ್ನು ಮೇಲೆ ಗುಡ್ಡ ಹತ್ತುವ ಮಾತೇ ಇಲ್ಲ ಮಾವ" ಎಂದು ಹೇಳಿದವಳು ಮಾತ್ರ ನಾನು. ನನ್ನ ಯಜಮಾನರು ಅಪ್ಪನ ಎದುರು ಇಂಥ ಮಾತು ಆಡುವವರಲ್ಲ. ಮನೆಯಲ್ಲಿ ಕಹಿ ಮಾತು ಯಾರಾದರೂ ಒಬ್ಬರು ಆಡಲೇಬೇಕಲ್ಲ, ಅದು ಸಾಮಾನ್ಯವಾಗಿ ಸೊಸೆಯ ಪಾಲಿಗೆ ಬರುತ್ತದೆ.

ನಮ್ಮದು ಬಾಳೆಹೊನ್ನೂರಿನಿಂದ ಸ್ವಲ್ಪ ಒಳಗೆ. ಮನೆ ತಗ್ಗಿನಲ್ಲಿ. ಮನೆಯ ಮುಂದೆ ಅಡಿಕೆ ತೋಟ, ಹಿಂದಿನ ಏರಿನಲ್ಲಿ ಕಾಫಿ, ಅದರ ಮೇಲೆ ಹಕ್ಕಲು, ಹಕ್ಕಲಿನ ನೆತ್ತಿಯಲ್ಲಿ ಒಂದು ಬಂಡೆ. ಮಲೆನಾಡಿನ ಇಂಥ ಮನೆಗಳಿಗೆ ಸೂರ್ಯ ಮುಳುಗುವುದೇ ಗೊತ್ತಾಗುವುದಿಲ್ಲ. ಐದು ಗಂಟೆಗೆಲ್ಲ ಅಂಗಳದ ಬಿಸಿಲು ಎದ್ದು ಹೋಗಿರುತ್ತದೆ, ಆಮೇಲೆ ಒಂದು ಗಂಟೆ ಬೆಳಕು ಸುಮ್ಮನೆ ತೆಳ್ಳಗಾಗುತ್ತಾ ಇರುತ್ತದೆ, ನೋಡಿದರೆ ಕತ್ತಲು. ಸೂರ್ಯಾಸ್ತ ಬೇಕೆಂದರೆ ಗುಡ್ಡ ಹತ್ತಬೇಕು. ಮಾವ ಸುಮಾರು ಐವತ್ತು ವರ್ಷ ಹತ್ತಿದ್ದರು. ಆಳುಗಳನ್ನು ಕಳುಹಿಸಿ, ಕೈಕಾಲು ತೊಳೆದು, ಹೆಗಲಿಗೊಂದು ಟವೆಲು ಹಾಕಿಕೊಂಡು ಹೊರಟರೆ ಬಂಡೆಯ ಮೇಲೆ ಕೂತುಬಿಡುತ್ತಿದ್ದರು. ಅಲ್ಲಿಂದ ಪಶ್ಚಿಮಕ್ಕೆ ಸಾಲುಸಾಲು ಗುಡ್ಡ, ನಡುವೆ ಭದ್ರೆಯ ಒಂದು ತುಂಡು, ಕೆಳಗೆ ಬಲಕ್ಕೆ ನಮ್ಮ ಮನೆಯ ಹಂಚು. ಕತ್ತಲಾದಾಗ ಅತ್ತೆ ಜಗುಲಿಯ ದೀಪ ಹಾಕುತ್ತಿದ್ದರು. ಅದು ಕಂಡರೆ ಮಾವ ಎದ್ದು ಇಳಿಯಬೇಕು, ಅದು ಇಬ್ಬರ ನಡುವಿನ ಒಪ್ಪಂದ. ಅತ್ತೆ ಹೋದ ಮೇಲೆ ದೀಪ ಹಾಕುವ ಕೆಲಸ ನನಗೆ ಬಂತು.

ವಾಕರ್ ಬಂದ ಮೇಲೆ ಮಾವ ನನ್ನ ಹತ್ತಿರ ಜಗಳ ಏನೂ ಆಡಲಿಲ್ಲ. ಸಂಜೆ ಐದೂವರೆ ಆಗುತ್ತಿದ್ದ ಹಾಗೆ ಮಂಚದಲ್ಲಿ ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ಕಾಫಿ ಕೊಟ್ಟರೆ "ಅಲ್ಲಿಡು". ಟೀವಿ ಹಾಕಲಾ ಎಂದರೆ "ಬೇಡ". ಏಳು ಗಂಟೆಗೆ ಎದ್ದು ಕೂತು ಎಲ್ಲರ ಹಾಗೆ ಮಾತಾಡುತ್ತಿದ್ದರು. ಆ ಒಂದೂವರೆ ಗಂಟೆ ಮಾತ್ರ ನಾನು ಅವರ ಪಾಲಿಗೆ ಇಲ್ಲ. ಜಗಳ ಆಡಿದ್ದರೇ ವಾಸಿಯಿತ್ತು.

ಮೊದಲ ಸಲ ನಾನು ಗುಡ್ಡ ಹತ್ತಿದ್ದು ಮೊಬೈಲ್ ಹಿಡಿದುಕೊಂಡು, ನವೆಂಬರಿನಲ್ಲಿ. ಫೋನಿನಲ್ಲೇ ಟೈಮ್ ಲ್ಯಾಪ್ಸ್ ಅಂತ ಒಂದು ಗುಂಡಿ ಇದೆಯಲ್ಲ, ಅದನ್ನು ಒತ್ತಿ ಬಂಡೆಗೆ ಒರಗಿಸಿ ಇಟ್ಟು ಕೂತೆ. ಟೈಮ್ ಲ್ಯಾಪ್ಸ್ ಎಂದರೆ ಗೊತ್ತಿಲ್ಲದವರಿಗೆ ಒಂದು ಮಾತು: ಐದು ಸೆಕೆಂಡಿಗೋ ಹತ್ತು ಸೆಕೆಂಡಿಗೋ ಒಂದೊಂದು ಫೋಟೋ ತೆಗೆಯುತ್ತಾ ಹೋಗಿ, ಆಮೇಲೆ ಎಲ್ಲವನ್ನೂ ಸಿನಿಮಾದ ಹಾಗೆ ಸೆಕೆಂಡಿಗೆ ಇಪ್ಪತ್ತೈದರಂತೆ ಓಡಿಸುವುದು. ಗಂಟೆಯ ಸಂಗತಿ ಅರ್ಧ ನಿಮಿಷದಲ್ಲಿ ಕಾಣುತ್ತದೆ. ಇದೇನು ಈಗಿನ ಮೊಬೈಲ್ ಹುಡುಗರು ಕಂಡುಹಿಡಿದದ್ದಲ್ಲ. ದಾದಾಸಾಹೇಬ್ ಫಾಲ್ಕೆ 1913ರಲ್ಲಿ 'ರಾಜಾ ಹರಿಶ್ಚಂದ್ರ' ಮಾಡುವುದಕ್ಕೂ ಮೊದಲು, 1912ರಲ್ಲಿ, ಕುಂಡದಲ್ಲಿ ಬಟಾಣಿ ಕಾಳು ಹಾಕಿ ಅದು ಮೊಳೆತು ಬೆಳೆಯುವುದನ್ನು ದಿನಕ್ಕೊಂದು ಫ್ರೇಮಿನಂತೆ ಸುಮಾರು ಒಂದು ತಿಂಗಳು ಹಿಡಿದಿದ್ದರಂತೆ. ದುಡ್ಡು ಹಾಕುವವರನ್ನು ನಂಬಿಸಲು ಮಾಡಿದ ಪುಟ್ಟ ಸಿನಿಮಾ ಅದು. ನಾನು ನಂಬಿಸಬೇಕಾಗಿದ್ದು ಒಬ್ಬರನ್ನೇ.

ಆ ರಾತ್ರಿ ಅದನ್ನು ಟೀವಿಗೆ ಹಾಕಿ ತೋರಿಸಿದೆ. ಮಾವ ಕನ್ನಡಕ ಹಾಕಿಕೊಂಡು ಪೂರಾ ನೋಡಿದರು. ಆಮೇಲೆ ಕೇಳಿದರು:

"ಕತ್ತಲೇ ಆಗ್ಲಿಲ್ಲವಲ್ಲ ಮಾರಾಯ್ತಿ?"

ನಿಜ. ಸೂರ್ಯ ಮುಳುಗಿದ ಮೇಲೂ ಆಕಾಶ ಹಾಗೇ ಬೆಳ್ಳಗೆ. ನಡುನಡುವೆ ಟ್ಯೂಬ್‌ಲೈಟು ಹಾಳಾದ ಹಾಗೆ ಪಿಳಪಿಳ. ಸೂರ್ಯ ಎನ್ನುವುದು ಒಂದು ಬಿಳಿ ತೂತು. ಕೊನೆಗೆ ಕಾಳುಕಾಳಾಗಿ ಎಲ್ಲ ಬೂದಿ ಬಣ್ಣ.

ಬೆಂಗಳೂರಿನಲ್ಲಿರುವ ಮಗನಿಗೆ ಫೋನ್ ಮಾಡಿದೆ. ಅವನು ಕಾಲೇಜಿನಲ್ಲಿರುವಾಗ ಒಂದು ನಿಕಾನ್ ಕ್ಯಾಮೆರಾ ಕೊಂಡು ಎರಡು ವರ್ಷ ಹಕ್ಕಿ, ಹೂವು ಎಂದು ಓಡಾಡಿ, ಕೆಲಸ ಸಿಕ್ಕಿದ ಮೇಲೆ ಅದನ್ನು ನಮ್ಮ ಬೀರುವಿನಲ್ಲಿ ಬಿಟ್ಟು ಹೋಗಿದ್ದ. "ಅಮ್ಮ, ಫೋನ್ ಆಟೋದಲ್ಲಿ ಕೆಲಸ ಮಾಡ್ತದೆ. ಪ್ರತಿ ಫೋಟೋಕ್ಕೂ ಅದು ಹೊಸದಾಗಿ ಲೆಕ್ಕ ಹಾಕಿ ಇಷ್ಟು ಬೆಳಕು ಬೇಕು ಅಂತ ಸರಿಮಾಡಿಕೊಳ್ತದೆ. ಕತ್ತಲಾದ ಹಾಗೆಲ್ಲ ಅದು ಬೆಳಕು ಜಾಸ್ತಿ ಮಾಡ್ತದೆ. ಒಂದು ಮೋಡ ಅಡ್ಡ ಬಂದ್ರೂ ಲೆಕ್ಕ ಬದಲು. ಅದಕ್ಕೇ ಪಿಳಪಿಳ. ಬೀರುವಿನಲ್ಲಿರೋ ಕ್ಯಾಮೆರಾ ತಗೋ, ಎಲ್ಲ ಮ್ಯಾನ್ಯುಯಲ್‌ಗೆ ಹಾಕು" ಎಂದ.

ಮ್ಯಾನ್ಯುಯಲ್ ಎಂದರೇನು ಎಂದು ಅರ್ಥ ಮಾಡಿಕೊಳ್ಳಲು ನನಗೆ ಒಂದು ವಾರ ಹಿಡಿಯಿತು. ಕ್ಯಾಮೆರಾದಲ್ಲಿ ಬೆಳಕಿಗೆ ಮೂರು ಬಾಗಿಲು. ಒಂದು ಲೆನ್ಸಿನ ಒಳಗಿನ ಕಿಂಡಿ, ಅಪರ್ಚರ್. ಅದನ್ನು ಎಫ್ 8 ಎಂಬ ಹಾಗೆ ಅಂಕಿಯಲ್ಲಿ ಹೇಳುತ್ತಾರೆ, ಅಂಕಿ ದೊಡ್ಡದಾದಷ್ಟೂ ಕಿಂಡಿ ಸಣ್ಣದು (ಯಾರಪ್ಪ ಇಂಥ ತಲೆಕೆಳಗು ಲೆಕ್ಕ ಮಾಡಿದ್ದು!). ಎರಡನೆಯದು ಶಟರ್, ಬಾಗಿಲು ಎಷ್ಟು ಹೊತ್ತು ತೆರೆದಿರಬೇಕು ಎನ್ನುವುದು. ಮೂರನೆಯದು ಐಎಸ್ಒ, ಒಳಗೆ ಬಂದ ಬೆಳಕನ್ನು ಎಷ್ಟು ಹಿಗ್ಗಿಸಬೇಕು ಎನ್ನುವುದು. ಹೆಚ್ಚು ಹಿಗ್ಗಿಸಿದರೆ ಫೋಟೋದಲ್ಲಿ ರವೆ ಉದುರಿಸಿದ ಹಾಗೆ ಕಾಣುತ್ತದೆ. ಶಟರಿನ ಹೊತ್ತು ದುಪ್ಪಟ್ಟಾದರೆ ಬೆಳಕು ದುಪ್ಪಟ್ಟು, ಅರ್ಧವಾದರೆ ಅರ್ಧ. ಈ ಒಂದು ದುಪ್ಪಟ್ಟನ್ನು ಫೋಟೋದವರು ಸ್ಟಾಪ್ ಎನ್ನುತ್ತಾರೆ, ನಾನು ಮೆಟ್ಟಿಲು ಎನ್ನುತ್ತೇನೆ. ಇದನ್ನೆಲ್ಲ ಮಾವನ ಮಂಚದ ಪಕ್ಕ ಕೂತು ಮಗನ ಹತ್ತಿರ ಸ್ಪೀಕರಿನಲ್ಲಿ ಕೇಳುತ್ತಿದ್ದಾಗ, ಗೋಡೆ ಕಡೆ ತಿರುಗಿದ್ದ ಮಾವ ಅಲ್ಲಿಂದಲೇ ಅಂದರು:

"ಮರಗಸಿ ಮಾಡ್ದ ಹಾಗೆ ಅನ್ನು."

ಕಾಫಿ ತೋಟದವರಿಗೆ ಮರಗಸಿ ವಿವರಿಸಬೇಕಾಗಿಲ್ಲ. ಬೇರೆಯವರಿಗೆ ಹೇಳುವುದಾದರೆ, ಕಾಫಿ ಗಿಡ ಬೆಳೆಯುವುದು ನೆರಳಿನ ಮರಗಳ ಕೆಳಗೆ. ಮಳೆ ಹಿಡಿಯುವ ಮುಂಚೆ ಆ ಮರಗಳ ಕೊಂಬೆ ಸವರಿ ಇಷ್ಟೇ ಬೆಳಕು ಕೆಳಗೆ ಬೀಳಬೇಕು ಎಂದು ಹದ ಮಾಡುವುದು ಮರಗಸಿ. ಹೆಚ್ಚು ಕಡಿದರೆ ಗಿಡ ಸುಡುತ್ತದೆ, ಕಡಿಮೆ ಕಡಿದರೆ ಫಸಲು ಕಟ್ಟುವುದಿಲ್ಲ. ನಮ್ಮ ಹತ್ತಿರದಲ್ಲೇ 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರ ಇದೆ. ಅಲ್ಲಿ ನೆರಳಿನ ಮೇಲೆ ವಿಜ್ಞಾನಿಗಳು ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಮಾವ ಮಾತ್ರ ಮರದ ಬುಡದಲ್ಲಿ ನಿಂತು, ತಲೆ ಎತ್ತಿ, "ಆ ಕೊಂಬೆ ತೆಗಿ, ಅದು ಬೇಡ, ಇರ್ಲಿ" ಎಂದು ಹೇಳುತ್ತಿದ್ದರು. ಬೆಳಕಿನ ಹದ ಅವರಿಗೆ ನನಗಿಂತ ಗೊತ್ತು. ಅದು ಆ ಕ್ಷಣ ನನಗೆ ಹೊಳೆಯಲಿಲ್ಲ. ಐದೂವರೆಯಿಂದ ಏಳರ ನಡುವೆ ಮಾವ ಮಾತಾಡಿದರಲ್ಲ ಎನ್ನುವುದೇ ಅವತ್ತು ನನಗೆ ಸಾಕಾಗಿತ್ತು.

ಎರಡನೇ ಸಲ ಟ್ರೈಪಾಡ್ ಹೊತ್ತು ಹೋದೆ. ಯಜಮಾನರೂ ಬಂದರು, ಟಾರ್ಚು ಹಿಡಿದು. ಕತ್ತಲಾಗುವವರೆಗೆ ಹಕ್ಕಲಿನಲ್ಲಿ ಒಬ್ಬಳೇ ಕೂರುವ ಕಾಲ ಈಗಿಲ್ಲ. ಕಾಟಿ ಮೊದಲಿಂದಲೂ ಇತ್ತು, ಈಚೆಗೆ ಆನೆ ಓಡಾಟವೂ ಇದೆ. ಮಗ ಹೇಳಿದಂತೆ ಎಫ್ 8, ಐಎಸ್ಒ 100, ಶಟರ್ ಸೆಕೆಂಡಿನ 250ರಲ್ಲಿ ಒಂದು ಭಾಗ. ಫೋಕಸ್ಸನ್ನು ದೂರದ ಗುಡ್ಡಕ್ಕೆ ಮಾಡಿ ಮ್ಯಾನ್ಯುಯಲ್‌ಗೆ ಬದಲಿಸಿದೆ, ಇಲ್ಲದಿದ್ದರೆ ಕತ್ತಲಲ್ಲಿ ಅದು ಮುಂದೆ ಹಿಂದೆ ಹುಡುಕುತ್ತಾ ಇರುತ್ತದಂತೆ. ವೈಟ್ ಬ್ಯಾಲೆನ್ಸನ್ನು ಬಿಸಿಲಿನ ಗುರುತಿಗೆ ಇಟ್ಟೆ. ಇದು ಮುಖ್ಯ. ಅದನ್ನೂ ಆಟೋದಲ್ಲಿ ಬಿಟ್ಟರೆ ಕ್ಯಾಮೆರಾ ಸಂಜೆಯ ಕೇಸರಿಯನ್ನು ಏನೋ ದೋಷ ಎಂದು ತಿಳಿದು ತೊಳೆದು ಹಾಕುತ್ತದೆ. ಇನ್ನೊಂದು ಮಾತನ್ನು ಮಗ ಮೂರು ಸಲ ಹೇಳಿದ್ದ: ಸೂರ್ಯನನ್ನು ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ ನೋಡಲೇಬಾರದು, ಹಿಂದಿನ ಪರದೆಯಲ್ಲಿ ಮಾತ್ರ. ಲೆನ್ಸು ಬಿಸಿಲನ್ನು ಒಟ್ಟುಮಾಡಿ ಕಣ್ಣಿಗೇ ಬಿಡುತ್ತದೆ, ಭೂತಗನ್ನಡಿಯಲ್ಲಿ ಕಾಗದ ಸುಡುತ್ತಿದ್ದೆವಲ್ಲ, ಹಾಗೆ.

ಆ ಸಲ ಸೂರ್ಯ ಚೆನ್ನಾಗಿ ಬಂದ. ದುಂಡಗೆ, ಕೆಂಪಗೆ, ಗುಡ್ಡದ ಹಿಂದೆ ಇಳಿದ. ಇಳಿದ ಹತ್ತು ನಿಮಿಷಕ್ಕೆಲ್ಲ ಚಿತ್ರ ಪೂರಾ ಕಪ್ಪು. ಉಳಿದ ಇನ್ನೂರೈವತ್ತು ಫೋಟೋ ಇದ್ದಿಲು.

ಮಾವ ನೋಡಿದರು. "ಇದೆಂತ, ಬಾಗಿಲು ಹಾಕಿದ ಹಾಗೆ ಆಯ್ತಲ್ಲ. ಕತ್ತಲು ಹೀಗೆ ಬರೋದಿಲ್ಲ."

"ಮತ್ತೆ ಹೇಗೆ ಬರ್ತದೆ ಮಾವ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಎದ್ದು ಕೂತು ಹೇಳಲು ಶುರು ಮಾಡಿದರು. ಮೂವತ್ತು ವರ್ಷ ಒಂದೇ ಮನೆಯಲ್ಲಿದ್ದರೂ ಆ ಬಂಡೆಯ ಮೇಲೆ ಅವರು ಏನು ನೋಡುತ್ತಿದ್ದರು ಎಂದು ನಾನು ಕೇಳಿದ್ದಿಲ್ಲ. ದೇವರ ಧ್ಯಾನವೋ, ಸಾಲದ ಲೆಕ್ಕವೋ ಇರಬೇಕು ಅಂದುಕೊಂಡಿದ್ದೆ.

ಮಾವನ ಪ್ರಕಾರ ಸೂರ್ಯ ಇಳಿಯುವುದು ಮುಖ್ಯವೇ ಅಲ್ಲ. "ಅದನ್ನ ಆಗುಂಬೆಗೆ ಹೋದವರೆಲ್ಲ ನೋಡ್ತಾರೆ. ಮುಳುಗಿದ ಕೂಡ್ಲೆ ಚಪ್ಪಾಳೆ ಹೊಡ್ದು ಬಸ್ಸು ಹತ್ತುತಾರೆ. ಅಸಲು ವಿಷಯ ಆಮೇಲೆ." ಆಮೇಲೆ ಮೊದಲು ದೂರದ ಗುಡ್ಡ ಹತ್ತಿರದ ಗುಡ್ಡದಿಂದ ಬೇರೆಯಾಗುತ್ತದೆ, ಒಂದರ ಹಿಂದೆ ಒಂದು ಇಟ್ಟ ಹಾಗೆ. ಹಗಲೆಲ್ಲ ಎರಡೂ ಅಂಟಿಕೊಂಡೇ ಇರುತ್ತವೆ. ಆಮೇಲೆ ಹೊಳೆ. ಆಕಾಶ ಕಪ್ಪಾದರೂ ಭದ್ರೆಯ ತುಂಡು ಇನ್ನೂ ಸ್ವಲ್ಪ ಹೊತ್ತು ಬೆಳ್ಳಗಿರುತ್ತದೆ. ಬಣ್ಣದಲ್ಲಿ ಮೊದಲು ಸಾಯುವುದು ಕೆಂಪು. ಬೇಲಿಯ ದಾಸವಾಳ ಕಪ್ಪಾದರೂ ಅದರ ಎಲೆ ಇನ್ನೂ ತಿಳಿಯಾಗಿ ಕಾಣುತ್ತದೆ. "ಕೊನೇಗೆ ಅಂಗೈ ಗೆರೆ ಕಾಣೋದಿಲ್ಲ. ಆಗ ಕತ್ತಲಾಯ್ತು ಅಂತ ಲೆಕ್ಕ."

ದಾಸವಾಳದ ಮಾತು ನನಗೆ ನಂಬಿಕೆಯಾಗಲಿಲ್ಲ. ಮಾರನೇ ದಿನ ಸಂಜೆ ಬೇಲಿ ಹತ್ತಿರ ನಿಂತು ನೋಡಿದೆ, ಸರಿಯಾಗಿ ಹಾಗೇ ಆಯಿತು. ಮಗನಿಗೆ ಹೇಳಿದರೆ ಅವನು ಹುಡುಕಿ ತೆಗೆದು, ಅದಕ್ಕೆ ಪುರ್ಕಿನ್ಯೆ ಪರಿಣಾಮ ಎಂಬ ಹೆಸರೇ ಇದೆ ಎಂದ. ಹತ್ತೊಂಬತ್ತನೇ ಶತಮಾನದಲ್ಲಿ ಚೆಕ್ ದೇಶದ ವಿಜ್ಞಾನಿಯೊಬ್ಬ ಹೂವುಗಳನ್ನು ನೋಡಿಯೇ ಇದನ್ನು ಗುರುತಿಸಿದ್ದನಂತೆ. ಮಬ್ಬಿನಲ್ಲಿ ನಮ್ಮ ಕಣ್ಣು ಬೇರೆ ಜಾತಿಯ ಕೋಶಗಳಿಂದ ನೋಡಲು ಶುರು ಮಾಡುತ್ತದೆ, ಅವಕ್ಕೆ ಕೆಂಪು ಕಾಣುವುದೇ ಇಲ್ಲ. ಕ್ಯಾಮೆರಾಕ್ಕೆ ಹಾಗಿಲ್ಲ. ಹೊತ್ತು ಕೊಟ್ಟರೆ ನಡುರಾತ್ರಿಯಲ್ಲೂ ಅದು ದಾಸವಾಳವನ್ನು ಕೆಂಪಗೇ ತೋರಿಸುತ್ತದೆ. ಅಂದರೆ ಕ್ಯಾಮೆರಾ ಹೇಳಿದ್ದೇ ನಿಜ ಎಂದು ಹಿಡಿದು ಕೂತರೆ ಮಾವನ ಸಂಜೆ ಸಿಗುವುದಿಲ್ಲ.

ಡಿಸೆಂಬರ್ ಪೂರಾ ಹೀಗೇ ಹೋಯಿತು. ಒಂದು ಕಡೆ ಕೊನೆಕೊಯ್ಲು, ಅಡಿಕೆ ಸುಲಿಯುವ ಗಲಾಟೆ, ಇನ್ನೊಂದು ಕಡೆ ಕಾಫಿ ಹಣ್ಣು. ಮನೆ ತುಂಬ ಆಳುಗಳ ಊಟ ತಿಂಡಿ. ಇದರ ನಡುವೆ ವಾರಕ್ಕೆ ಎರಡು ಸಂಜೆ ಕದ್ದು ಗುಡ್ಡ ಹತ್ತುತ್ತಿದ್ದೆ. ಆಳು ಹೆಂಗಸರು "ಅಮ್ಮಾರು ಸಿನಿಮಾ ತೆಗೀಲಿಕ್ಕೆ ಹೊರಟ್ರು" ಎಂದು ನಗುತ್ತಿದ್ದರು. ಒಂದು ದಿನ ಅಡಿಕೆ ಬೇಯಿಸುವ ಒಲೆಯ ಹೊಗೆ ಅಡ್ಡ ಬಂತು, ಒಂದು ದಿನ ಬ್ಯಾಟರಿ ಖಾಲಿ, ಒಂದು ದಿನ ಲೆನ್ಸಿನ ಮೇಲೆ ಇಬ್ಬನಿ ಕೂತು ಅರ್ಧದಿಂದ ಎಲ್ಲ ಹಾಲು ಚೆಲ್ಲಿದ ಹಾಗೆ. (ಕೆಳಗೆ ಒಂದು ಸ್ವೆಟರ್ ಸುತ್ತಿ ಲೆನ್ಸನ್ನು ಬೆಚ್ಚಗಿಟ್ಟರೆ ಇಬ್ಬನಿ ಸ್ವಲ್ಪ ತಡವಾಗಿ ಕೂರುತ್ತದೆ, ಇದು ನನ್ನದೇ ಸಂಶೋಧನೆ.) ಯಜಮಾನರು "ಒಂದು ದಿನ ಆಗುಂಬೆಗೇ ಹೋಗಿ ತೆಗೆದುಬಿಡುವ, ಸಮುದ್ರವೂ ಕಂಡರೆ ಕಂಡೀತು" ಎಂದರು. ಮಾವ ಒಳಗಿಂದ "ಆಗುಂಬೆ ಸೂರ್ಯ ನಂಗೆ ಬೇಡ" ಎಂದರು.

ತೊಂದರೆಯ ಬೇರು ಏನೆಂದು ಅಷ್ಟರಲ್ಲಿ ನನಗೆ ಗೊತ್ತಾಗಿತ್ತು. ಬಿಸಿಲಿನಿಂದ ಕತ್ತಲಿಗೆ ಬರುವಾಗ ಬೆಳಕು ಎರಡು ಮೂರು ಮೆಟ್ಟಿಲಲ್ಲ, ಹದಿಮೂರು ಹದಿನಾಲ್ಕು ಮೆಟ್ಟಿಲು ಇಳಿಯುತ್ತದೆ. ಹದಿಮೂರು ಸಲ ಅರ್ಧ ಮಾಡಿದರೆ ಎಂಟು ಸಾವಿರದಲ್ಲಿ ಒಂದು ಪಾಲು! ಯಾವ ಒಂದೇ ಲೆಕ್ಕ ಇಟ್ಟರೂ ಎರಡೂ ತುದಿ ಸಿಗುವುದಿಲ್ಲ. ಸೂರ್ಯನಿಗೆ ಹೊಂದಿಸಿದರೆ ಕೊನೆಗೆ ಇದ್ದಿಲು, ಮಬ್ಬಿಗೆ ಹೊಂದಿಸಿದರೆ ಮೊದಲಿಗೆ ಸುಣ್ಣ. ಅದೂ ಒಂದೇ ವೇಗದಲ್ಲಿ ಇಳಿಯುವುದಿಲ್ಲ. ಸೂರ್ಯ ಮುಳುಗುವವರೆಗೆ ನಿಧಾನ, ಮುಳುಗಿದ ಮೇಲೆ ಮೂರು ಮೂರೂವರೆ ನಿಮಿಷಕ್ಕೊಂದು ಮೆಟ್ಟಿಲು. ನಮ್ಮ ಊರುಗಳು ಭೂಮಧ್ಯರೇಖೆಗೆ ಹತ್ತಿರ ಇರುವುದರಿಂದ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತಾನೆ. ಯುರೋಪಿನವರಿಗೆ ಓರೆಯಾಗಿ ಜಾರುತ್ತಾನೆ, ಅವರ ಮುಸ್ಸಂಜೆ ಉದ್ದ. ಇಂಟರ್‌ನೆಟ್ಟಿನಲ್ಲಿ ಅಲ್ಲಿಯವರು ಬರೆದ ಲೆಕ್ಕ ಇಟ್ಟುಕೊಂಡು ನಾನು ಎರಡು ಸಂಜೆ ಹಾಳು ಮಾಡಿಕೊಂಡೆ.

ದಾರಿ ಇರುವುದು ಒಂದೇ. ಫೋಟೋ ತೆಗೆಯುತ್ತಿರುವಾಗಲೇ, ಎರಡು ಫೋಟೋಗಳ ನಡುವೆ, ಚಕ್ರವನ್ನು ಒಂದೊಂದೇ ಹಲ್ಲು ತಿರುಗಿಸುತ್ತಾ ಶಟರಿನ ಹೊತ್ತು ಹೆಚ್ಚಿಸುತ್ತಾ ಹೋಗುವುದು. ಮೂರು ಹಲ್ಲಿಗೆ ಒಂದು ಮೆಟ್ಟಿಲು. ಮೊದಲ ದಿನ ಕೈ ತಾಗಿ ಕ್ಯಾಮೆರಾವೇ ಅಲುಗಿ, ವಿಡಿಯೋದಲ್ಲಿ ಗುಡ್ಡಗಳೆಲ್ಲ ಭೂಕಂಪ ಆದ ಹಾಗೆ ಹಾರಿದವು. ಆಮೇಲೆ ಟ್ರೈಪಾಡಿನ ನಡುವೆ ಕಲ್ಲು ತುಂಬಿದ ಚೀಲ ನೇತುಹಾಕಿದೆ. ಎರಡನೇ ದಿನ ಅಳುಕಿನಲ್ಲಿ ಒಮ್ಮೆಗೇ ಮೂರು ಹಲ್ಲು ತಿರುಗಿಸಿದ್ದರಿಂದ ಮೆಟ್ಟಿಲು ಮೆಟ್ಟಿಲಾಗಿಯೇ ಕಂಡಿತು. ಒಂದೊಂದೇ ಹಲ್ಲಾದರೆ ಸಣ್ಣ ಏರುಪೇರು, ಅದನ್ನು ಮಗ ಕಂಪ್ಯೂಟರಿನಲ್ಲಿ ನಯ ಮಾಡಬಲ್ಲ. ಅದಕ್ಕೆ ಫೋಟೋಗಳು ರಾ ಫೈಲ್‌ನಲ್ಲಿರಬೇಕು. ಒಂದೊಂದೂ ಇಪ್ಪತ್ತು ಎಂಬಿ ಮೇಲೆ, ಹಾಗಾಗಿ ದೊಡ್ಡ ಕಾರ್ಡು ತರಿಸಿದೆ. ಕಿಂಡಿಯನ್ನು, ಅಂದರೆ ಎಫ್ 8 ಅನ್ನು, ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಚಿತ್ರದ ಹರಿತವೇ ಬದಲಾಗುತ್ತದೆ.

ಇಷ್ಟಾದ ಮೇಲೂ ಒಂದು ಪ್ರಶ್ನೆ ಉಳಿಯಿತು. ಅದಕ್ಕೆ ಮಗನ ಹತ್ತಿರವೂ ಉತ್ತರ ಇರಲಿಲ್ಲ: ಕಳೆದುಹೋದ ಬೆಳಕಲ್ಲಿ ಎಷ್ಟನ್ನು ವಾಪಸು ಕೊಡಬೇಕು? ಇಳಿದಷ್ಟೂ ಕೊಟ್ಟರೆ ಫೋನಿನ ಹಾಗೇ ಆಯಿತು, ಏಳು ಗಂಟೆಗೂ ಹಗಲು. ಏನೂ ಕೊಡದಿದ್ದರೆ ಬಾಗಿಲು ಹಾಕಿದ ಹಾಗೆ. ಪುಸ್ತಕದಲ್ಲಿ ಇದಕ್ಕೆ ಅಂಕಿ ಇಲ್ಲ. ಸಂಜೆ ಎಷ್ಟು ಕಪ್ಪಿರಬೇಕು ಎಂದು ಅದನ್ನು ನೋಡಿದವರೇ ಹೇಳಬೇಕು.

ಜನವರಿಯಲ್ಲಿ ಒಂದು ಸಂಜೆ ತೆಗೆದ ಫೋಟೋಗಳನ್ನು ಲ್ಯಾಪ್‌ಟಾಪಿನಲ್ಲಿ ಹಾಕಿ ಮಾವನ ಮುಂದಿಟ್ಟೆ. ಒಂದೇ ನೋಟವನ್ನು ಕಪ್ಪು, ಸ್ವಲ್ಪ ಕಪ್ಪು, ಬೆಳ್ಳಗೆ ಎಂದು ಐದು ಥರ ಮಾಡಿ, "ಹೊಳೆ ಬೆಳ್ಳಗಿರೋ ಹೊತ್ತು ಯಾವುದು ಇದರಲ್ಲಿ?" ಎಂದು ಕೇಳಿದೆ. ಮರಗಸಿಯ ಹೊತ್ತಿನಲ್ಲಿ ಮರ ನೋಡುತ್ತಿದ್ದ ಹಾಗೆಯೇ ತಲೆ ಸ್ವಲ್ಪ ಹಿಂದಕ್ಕೆ ಎತ್ತಿ ನೋಡಿದರು.

"ಇದಲ್ಲ. ಇದೂ ಅಲ್ಲ. ಇದು... ಇನ್ನೂ ಒಂಚೂರು ಇಳಿಸು. ಹಾಂ. ಸಾಕು, ಸಾಕು. ಹೊಳೆ ಕಾಣ್ಬೇಕು, ದಡ ಕಾಣ್ಬಾರ್ದು."

ಹೊಳೆ ಕಾಣಬೇಕು, ದಡ ಕಾಣಬಾರದು. ಇದನ್ನು ಲೆಕ್ಕಕ್ಕೆ ತಂದರೆ ಕ್ಯಾಮೆರಾ ಸರಿ ಎನ್ನುವುದಕ್ಕಿಂತ ಎರಡರಿಂದ ಮೂರು ಮೆಟ್ಟಿಲು ಕೆಳಗೆ. ಹಾಗೆಯೇ ಮುಳುಗಿದ ಕೂಡಲೇ ಎಷ್ಟು, ಕಾಲು ಗಂಟೆಗೆ ಎಷ್ಟು ಎಂದು ಕೇಳಿ ಕೇಳಿ ಒಂದು ಚೀಟಿ ಬರೆದುಕೊಂಡೆ. ಆರು ಗಂಟೆಗೆ 250ರಲ್ಲಿ ಒಂದರಿಂದ ಶುರು. ಸೂರ್ಯ ಮುಳುಗುವವರೆಗಿನ ಅರ್ಧ ಗಂಟೆಯಲ್ಲಿ 6 ಹಲ್ಲು, ಐದು ನಿಮಿಷಕ್ಕೊಂದರಂತೆ. ಮುಳುಗಿದ ಮೇಲೆ 27 ಹಲ್ಲು, ಸುಮಾರು ಒಂದೂವರೆ ನಿಮಿಷಕ್ಕೊಂದರಂತೆ. ಶಟರ್ ಎರಡು ಸೆಕೆಂಡ್ ತಲುಪಿದ ಮೇಲೆ ಅದನ್ನು ಅಲ್ಲಿಗೇ ನಿಲ್ಲಿಸಿ, ಉಳಿದ 6 ಹಲ್ಲನ್ನು ಐಎಸ್ಒದಲ್ಲಿ, 100ರಿಂದ 400ಕ್ಕೆ. ಐದು ಸೆಕೆಂಡಿಗೊಂದು ಫೋಟೋ ಎಂದಮೇಲೆ ಶಟರನ್ನು ನಾಲ್ಕೈದು ಸೆಕೆಂಡ್ ಬಿಟ್ಟರೆ ಕ್ಯಾಮೆರಾ ಒಂದನ್ನು ಮುಗಿಸುವ ಮೊದಲೇ ಇನ್ನೊಂದರ ಹೊತ್ತಾಗುತ್ತದೆ, ಅದಕ್ಕೇ ಎರಡಕ್ಕೆ ನಿಲ್ಲಿಸಿದ್ದು. ಒಟ್ಟು 33 ಹಲ್ಲು, ಹನ್ನೊಂದು ಮೆಟ್ಟಿಲು. ಕತ್ತಲು ಕಸಿದದ್ದರಲ್ಲಿ ಎರಡು ಮೂರು ಮೆಟ್ಟಿಲು ಕತ್ತಲಿಗೇ ಬಿಟ್ಟದ್ದು. ಈ ಚೀಟಿ ನಮ್ಮ ಬಂಡೆಗೆ, ಮೋಡ ಇಲ್ಲದ ದಿನಕ್ಕೆ, ನನ್ನ ಮಾವನ ಕಣ್ಣಿಗೆ ಸರಿ. ನಿಮ್ಮ ಊರಿಗೆ ನೀವೇ ಬರೆದುಕೊಳ್ಳಬೇಕಾದೀತು.

ದಿನ ಯಾವುದಾಗಬೇಕು ಎನ್ನುವುದನ್ನೂ ಮಾವನೇ ಹೇಳಿದರು. ಸೂರ್ಯ ವರ್ಷವಿಡೀ ಒಂದೇ ಕಡೆ ಮುಳುಗುವುದಿಲ್ಲ. ಡಿಸೆಂಬರಿನಲ್ಲಿ ಪಶ್ಚಿಮದಿಂದ ಎಡಕ್ಕೆ ಸುಮಾರು 24 ಡಿಗ್ರಿ, ಜೂನಿನಲ್ಲಿ ಬಲಕ್ಕೆ ಅಷ್ಟೇ. "ಸಂಕ್ರಾಂತಿ ಹೊತ್ತಿಗೆ ಹಲಸಿನ ಮರದ ಆಚೆ ಮುಳುಗ್ತದೆ, ಚೆಂದ ಇರೋದಿಲ್ಲ. ಶಿವರಾತ್ರಿ ಕಡೆಗೆ ಬಂದ್ರೆ ಮರ ಬಿಟ್ಟು ಈಚೆ ಬರ್ತದೆ." ಹಾಗೆ ಫೆಬ್ರವರಿ ನಡುವಿನ ಒಂದು ಸಂಜೆ ಗೊತ್ತಾಯಿತು. ಕಾಫಿ ಕೊಯ್ಲು ಮುಗಿದಿತ್ತು, ಕಣದಲ್ಲಿ ಕೊನೆಯ ಹರವು ಒಣಗುತ್ತಿತ್ತು. ಆಕಾಶ ತೊಳೆದ ಹಾಗಿತ್ತು. ಮಾವನ ಹತ್ತಿರ ಪಕ್ಕದ ಮನೆಯ ಹೈಸ್ಕೂಲು ಹುಡುಗನನ್ನು ಕೂರಿಸಿ ನಾವಿಬ್ಬರೂ ಹತ್ತಿದೆವು.

ಸರಿಯಾಗಿ ಆರು ಗಂಟೆಗೆ ಶುರು. ಯಜಮಾನರು ಟಾರ್ಚಿಗೆ ಕೈ ಅಡ್ಡ ಹಿಡಿದು ಗಡಿಯಾರ ನೋಡಿ "ಹೂಂ" ಎನ್ನುವುದು, ನಾನು ಒಂದು ಹಲ್ಲು ತಿರುಗಿಸುವುದು. ಮದುವೆಯಾಗಿ ಮೂವತ್ತು ವರ್ಷದಲ್ಲಿ ನಾವಿಬ್ಬರೂ ಎಪ್ಪತ್ತು ನಿಮಿಷ ಹೀಗೆ ಮಾತಿಲ್ಲದೆ ಜಗಳವಿಲ್ಲದೆ ಕೂತದ್ದು ಅದೇ ಮೊದಲಿರಬೇಕು. ಹದಿನೇಳನೆಯ ಹಲ್ಲೋ ಹದಿನೆಂಟನೆಯದೋ ಎಂದು ಒಮ್ಮೆ ಲೆಕ್ಕ ತಪ್ಪಿತು. ಆಗ ಚೀಟಿ ಬಿಟ್ಟು ಹೊಳೆಯನ್ನೇ ನೋಡಿದೆ. ಬೆಳ್ಳಗಿತ್ತು. ಪರದೆಯಲ್ಲಿ ನೋಡಿದೆ, ಅಲ್ಲೂ ಅಷ್ಟೇ ಬೆಳ್ಳಗಿತ್ತು. ತಿರುಗಿಸದೆ ಒಂದು ನಿಮಿಷ ಬಿಟ್ಟೆ. ಏಳೂ ಹತ್ತಕ್ಕೆ ಮುಗಿಸಿ ಇಳಿದೆವು.

ಒಟ್ಟು 840 ಫೋಟೋ, ಓಡಿಸಿದರೆ ಮೂವತ್ಮೂರು ಸೆಕೆಂಡು. ಮಗ ಶನಿವಾರ ಊರಿಗೆ ಬಂದವನು ಎರಡು ದಿನ ಕೂತು ಸರಿಮಾಡಿದ. ಭಾನುವಾರ ರಾತ್ರಿ ಪೆನ್‌ಡ್ರೈವಿನಲ್ಲಿ ಟೀವಿಗೆ ಹಾಕಿದೆವು. ಸೂರ್ಯ ಇಳಿದ. ಆಕಾಶ ಕೇಸರಿಯಾಗಿ, ಆಮೇಲೆ ಮಾಗಿದ ಕಾಫಿ ಹಣ್ಣಿನ ಬಣ್ಣವಾಗಿ, ಗುಡ್ಡಗಳು ಒಂದೊಂದೇ ಹಿಂದಕ್ಕೆ ಸರಿದವು. ಹೊಳೆ ಉಳಿಯಿತು. ಮಾವ ಮಾತಾಡಲಿಲ್ಲ. ಕೊನೆಯ ನಾಲ್ಕೈದು ಸೆಕೆಂಡಿನಲ್ಲಿ, ಚಿತ್ರದ ಬಲಗಡೆ ಕೆಳಮೂಲೆಯಲ್ಲಿ, ಫಕ್ಕನೆ ಒಂದು ಹಳದಿ ಚುಕ್ಕೆ ಹೊತ್ತಿಕೊಂಡಿತು.

"ಅದೆಂತದು?" ಎಂದರು ಯಜಮಾನರು.

ನಮ್ಮ ಮನೆಯ ಜಗುಲಿ ದೀಪ. ಗುಡ್ಡದ ಮೇಲಿದ್ದಾಗ ಗಡಿಯಾರ, ಹಲ್ಲು, ಹೊಳೆ ಎಂದು ಅದನ್ನು ನಾವು ನೋಡಿರಲೇ ಇಲ್ಲ. ಮನೆಗೆ ಬಂದಾಗ ದೀಪ ಉರಿಯುತ್ತಿತ್ತು, ಹುಡುಗ ಹಾಕಿರಬೇಕು ಅಂದುಕೊಂಡಿದ್ದೆ. ಹಾಗೇ ಅಂದೆ.

"ಅವನು ಎದ್ದಿದ್ದ ಹಾಕ್ಲಿಕ್ಕೆ. ನಾನೇ ಹಾಕ್ತೀನಿ ಕೂತ್ಕೋ ಅಂದೆ" ಎಂದರು ಮಾವ. ಮಂಚದಿಂದ ಜಗುಲಿಗೆ ಹೊಸ್ತಿಲು ದಾಟಿ ಹನ್ನೆರಡು ಹೆಜ್ಜೆ. ವಾಕರ್ ಹಿಡಿದು ಹೊಸ್ತಿಲು ದಾಟಬಾರದು ಎಂದು ಹೇಳಿದವಳೂ ನಾನೇ. "ನೀವಿಬ್ರೂ ಮೇಲಿದ್ರಿ ಅಲ್ದನಾ. ದೀಪ ಕಾಣದೆ ಹೇಗೆ ಇಳೀತೀರಿ?"

ನಾನು ಏನೂ ಹೇಳಲಿಲ್ಲ. ಮಗ ಅಷ್ಟರಲ್ಲಿ ವಿಡಿಯೋ ಹಿಂದಕ್ಕೆ ಎಳೆದು, ಬಲ್ಬಿನ ಜಾಗ ಒಂದು ಮೆಟ್ಟಿಲು ಜಾಸ್ತಿ ಬೆಳ್ಳಗಾಗಿದೆ, ಅಲ್ಲಷ್ಟೇ ಇಳಿಸಬಹುದು ಎಂದ. "ಅದನ್ನ ಮುಟ್ಬೇಡ" ಎಂದರು ಮಾವ. ಆಮೇಲೆ ನನ್ನ ಕಡೆ ತಿರುಗಿ, "ಆದ್ರೂ ಇದು ಬಹಳ ಗಡಿಬಿಡಿ ಮಾಡ್ತದೆ ಮಾರಾಯ್ತಿ. ಒಂದು ಗಂಟೆಯದ್ದು ಅರ್ಧ ನಿಮಿಷಕ್ಕೆ ಮುಗಿಸಿದ್ರೆ ಕೂತವನು ಎಂತ ಮಾಡ್ಬೇಕು?" ಎಂದರು.

ಸೆಕೆಂಡಿಗೆ ಹದಿನೈದು ಫೋಟೋದಂತೆ ಓಡಿಸಿದರೆ ಐವತ್ತಾರು ಸೆಕೆಂಡಿಗೆ ಎಳೆಯಬಹುದು, ಸ್ವಲ್ಪ ಕುಂಟುತ್ತದೆ ಅಷ್ಟೇ. ಹಾಗೂ ಮಾಡಿ ಕೊಟ್ಟಿದ್ದೇವೆ. ಈಗ ಸಂಜೆ ಮಾವ ಗೋಡೆ ಕಡೆ ತಿರುಗುವುದಿಲ್ಲ ಎಂದೇನೂ ಹೇಳಲಾರೆ, ಕೆಲವು ದಿನ ತಿರುಗುತ್ತಾರೆ. ಆದರೆ ಆರೂ ಮುಕ್ಕಾಲಿಗೆ ವಾಕರಿನ ಟಕ್ ಟಕ್ ಕೇಳುತ್ತದೆ. ಹೊಸ್ತಿಲಿಗೆ ಯಜಮಾನರು ಹಲಗೆ ಇಳಿಜಾರು ಮಾಡಿಸಿ, ಪಕ್ಕದಲ್ಲಿ ಹಿಡಿದುಕೊಳ್ಳಲು ಒಂದು ಸರಳು ಹಾಕಿಸಿದ್ದಾರೆ. ಜಗುಲಿ ದೀಪದ ಸ್ವಿಚ್ಚನ್ನು ನಾನು ಮುಟ್ಟುವುದಿಲ್ಲ.

ಯುಗಾದಿ ಹೊತ್ತಿಗೆ ಸೂರ್ಯ ಎರಡು ಗುಡ್ಡಗಳ ಸಂದಿಗೆ ಬರುತ್ತದಂತೆ, ಅದನ್ನು ತೆಗೆಯಬೇಕೆಂದು ಅಪ್ಪಣೆಯಾಗಿದೆ. ಆಗ ಹೂಮಳೆಯ ಮೋಡ ಇರುತ್ತದೆ, ಹಳೆಯ ಚೀಟಿ ನಡೆಯುವುದಿಲ್ಲ. ಬ್ಯಾಟರಿ ಎರಡನ್ನೂ ಚಾರ್ಜಿಗೆ ಹಾಕಿದ್ದೇನೆ.